ಮರುಭೇಟಿ: ಸೊನ್ನೆ

ಎಲ್ ಆಲ್ಟೋದಲ್ಲಿ ಮೊದಲು ಅಳತೆಗೆ ಸಿಕ್ಕಿದ್ದು ನನ್ನ ಉಸಿರು.
ಸಾಂತಾ ಕ್ರೂಸ್‌ನ ತಗ್ಗಿನಿಂದ ಬಂದವನು,
ಎರಡು ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ನಿಂತಾಗ
ಮೂರನೇ ತಂಡದ ಹುಡುಗರು ಕಬ್ಬಿಣದ ಕೊಳವೆ ಹೊತ್ತು
ಪಕ್ಕದಲ್ಲೇ ಹತ್ತಿಹೋದರು, ಹರಟೆ ಹೊಡೆಯುತ್ತ.

ನನ್ನ ಕೈಯಲ್ಲಿ ಗ್ಯಾಸ್ ಕಂಪನಿಯ ಟ್ಯಾಬ್.
ಅದರಲ್ಲಿ ಹನ್ನೊಂದು ಕಲಂ:
ಗಾಡಿ ನಿಂತ ಹೊತ್ತು, ಗೋಡೆಗೆ ಮೊದಲ ತೂತು ಬಿದ್ದ ಹೊತ್ತು,
ಕೊಳವೆ ಎಷ್ಟು ಮೀಟರು, ಜಾಯಿಂಟು ಎಷ್ಟು,
ಒಲೆ ಹೊತ್ತಿದ್ದು ಎಷ್ಟು ಗಂಟೆಗೆ,
ಮನೆಯವರ ರುಜು, ಅವರು ಕೊಟ್ಟ ನಕ್ಷತ್ರ.
ಕೊನೆಯದು ಎಲ್ಲಕ್ಕಿಂತ ತೂಕದ್ದು, ಮರುಭೇಟಿ:
ಹಾಕಿದ್ದನ್ನೇ ಸರಿಮಾಡಲು
ಮತ್ತೆ ಹೋದದ್ದು ಎಷ್ಟು ಸಲ?

ಒಂದನೇ ತಂಡ ದಿನಕ್ಕೆ ನಾಲ್ಕು ಮನೆ. ಮರುಭೇಟಿ ಎರಡು
(ಅದರಲ್ಲೊಂದು, ಒಲೆಯನ್ನೇ ಕಿಟಕಿಯ ಬಳಿಗೆ ಸರಿಸಿಕೊಂಡವರ ಮನೆ).
ಮೂರನೇ ತಂಡ ದಿನಕ್ಕೆ ಏಳು. ಮರುಭೇಟಿ ಸೊನ್ನೆ.
ಐದು ತಿಂಗಳಿಂದ ಸೊನ್ನೆ.
ಕಚೇರಿಯಲ್ಲಿ ಆ ಸೊನ್ನೆಗೆ ಕಟ್ಟು ಹಾಕಿಸಿ
ಗೋಡೆಗೆ ತೂಗುಹಾಕುವುದೊಂದು ಬಾಕಿ.
‘ಹೋಗಿ ನೋಡಿ ಬಾ, ಅವರ ಕೈಚಳಕ ಏನು ಅಂತ.
ಉಳಿದವರಿಗೂ ಕಲಿಸೋಣ.’

ಒಂದನೇ ತಂಡದ ಮೇಸ್ತ್ರಿ ಕಾಸಿಮಿರಾ ಟಿಕೋನಾ.
ಅವಳದು ಅಳೆದೂ ಸುರಿದೂ ಮಾಡುವ ಕೆಲಸ.
ಪ್ರತಿ ಜಾಯಿಂಟಿಗೂ ಸೋಪಿನ ನೀರು ಬಳಿದು
ಮೊಣಕಾಲೂರಿ ಕೂರುತ್ತಾಳೆ, ಗುಳ್ಳೆ ಎದ್ದೀತೇ ಎಂದು,
ಮಲಗಿದ ಕೂಸಿನ ಮೂಗಿಗೆ ಬೆರಳಿಟ್ಟು ನೋಡುವವರ ಹಾಗೆ.
ಒತ್ತಡದ ಮುಳ್ಳು ಹದಿನೈದು ನಿಮಿಷ ಅಲುಗಬಾರದು.
ಆ ಹದಿನೈದು ನಿಮಿಷ ಅವಳು ಏನೂ ಮಾಡುವುದಿಲ್ಲ.
ಟ್ಯಾಬ್ ಕೇಳುತ್ತದೆ: ಇದು ವ್ಯರ್ಥ ಸಮಯವೇ?
ನಾನು ಹೌದು ಒತ್ತುತ್ತೇನೆ.

ಮೂರನೇ ತಂಡದ ನೆಮೇಸಿಯೊ ಚೋಕೆ
ಮುಳ್ಳಿಗೆ ಕೊಡುವುದು ಐದು ನಿಮಿಷ,
ಅದೂ ಡ್ರಿಲ್ಲನ್ನು ಗಾಡಿಗೆ ಏರಿಸುತ್ತ.
ಮೀಟರಿನ ಮುಚ್ಚಳದ ಒಳಬದಿಗೆ ಪೆನ್ಸಿಲಿನಲ್ಲಿ ಏನೋ ಗೀಚಿ,
ಮನೆಯಾಕೆಯ ಕಿವಿಯಲ್ಲಿ ಒಂದು ಮಾತು ಹೇಳಿ, ಹೊರಟ.
ನಾನು ಬರೆದುಕೊಂಡೆ: ಗ್ರಾಹಕರೊಡನೆ ಆತ್ಮೀಯ.

ಭಾನುವಾರ. ಒಂದು ರುಜು ತಪ್ಪಿತ್ತೆಂದು ರಿಯೋ ಸೆಕೋ ಕಡೆ ಹೋದೆ.
ಅಡುಗೆಮನೆಯ ನೆಲದ ಮೇಲೆ ನೆಮೇಸಿಯೊ, ರಜೆಯ ಸ್ವೆಟರಿನಲ್ಲಿ.
ಪಕ್ಕದಲ್ಲಿ ಹತ್ತು ವರ್ಷದ ಮಗಳು, ಕೈಯಲ್ಲಿ ಸೋಪಿನ ಬಟ್ಟಲು.
ಜಾಯಿಂಟಿನ ಮೇಲೆ ಒಂದು ಗುಳ್ಳೆ,
ಮೊದಲು ಸಾಸಿವೆಯಷ್ಟು, ನೋಡನೋಡುತ್ತ ನೆಲ್ಲಿಕಾಯಿಯಷ್ಟು.
‘ಅಪ್ಪಾ, ಇಲ್ಲಿ,’ ಅಂದಳು,
ಎಷ್ಟೋ ಸಲ ಹೇಳಿ ರೂಢಿಯಾದ ದನಿಯಲ್ಲಿ.

ಮುಚ್ಚಳದೊಳಗೆ ಇದ್ದದ್ದು ಅವನ ಸ್ವಂತ ನಂಬರು.
ಕಂಪನಿಗೆ ಮಾಡಬೇಡಿ ತಾಯಿ, ನನಗೇ ಮಾಡಿ.
ಮನೆಯಾಕೆ ನನಗೂ ಒಂದು ಲೋಟ ಕೋಕಾ ಎಲೆಯ ಚಹಾ ಕೊಟ್ಟು
‘ಐದು ನಕ್ಷತ್ರ ಬರ್ಕೊಳ್ಳಿ, ಕರೆದರೆ ಬರ್ತಾನೆ’ ಅಂದಳು.

ಹುಡುಗಿಯ ಬಳಿ ಒಂದು ನೋಟುಬುಕ್ಕು, ಚೌಕಳಿ ಹಾಳೆಯದು.
ಯಾವ ಬೀದಿ, ಯಾವ ಜಾಯಿಂಟು, ಯಾವ ಭಾನುವಾರ.
ನಲವತ್ತೊಂದು ಸಾಲು.
ಕಾರಣ ಎಂಬಲ್ಲಿ ಕೆಲವೆಡೆ ಚಳಿ, ಒಂದು ಕಡೆ ಹಳೆಯ ಕೊಳವೆ,
ಉಳಿದಲ್ಲೆಲ್ಲ ದುಂಡಗಿನ ಅಕ್ಷರದಲ್ಲಿ: ಅವಸರ.
ಅವಳಪ್ಪ ಅದನ್ನು ಓದಿದ್ದಾನೋ ಇಲ್ಲವೋ, ನಾನು ಕೇಳಲಿಲ್ಲ.
ಅವನು ಮುಳ್ಳಿನ ಮುಂದೆ ಕೂತಿದ್ದ.
ಅವತ್ತು ಪೂರ್ತಿ ಹದಿನೈದು ನಿಮಿಷ.
ಮೂವರೂ ಕೂತೆವು. ಆ ಊರಿಗೆ ಬಂದ ಮೇಲೆ
ನನಗೆ ಸರಾಗವಾಗಿ ಉಸಿರಾಡಿದ್ದು ಅಷ್ಟೇ ಹೊತ್ತು.

ಸೋಮವಾರ ಟ್ಯಾಬ್ ತೆರೆದರೆ ಕೊನೆಯ ಕಲಮಿನಲ್ಲಿ
ಸೊನ್ನೆ ಹಾಗೆಯೇ ಕೂತಿತ್ತು,
ತೆಳ್ಳಗೆ, ದುಂಡಗೆ, ಬೆಳಕಿಗೆ ಹೊಳೆಯುತ್ತ.
ಬೆರಳು ಒತ್ತಿದೆ. ನಲವತ್ತೊಂದು.
ಅವನ ಬೋನಸ್ಸು ನನಗೆ ಗೊತ್ತಿಲ್ಲದ್ದೇನಲ್ಲ.
ಕಾಸಿಮಿರಾಳ ಆ ‘ಹೌದು’ಗಳನ್ನು ತಿದ್ದಲು ಹೋದೆ;
ಅವಕ್ಕೆ ಆಗಲೇ ಬೀಗ ಬಿದ್ದಿತ್ತು.

ಕಚೇರಿಯಿಂದ ಫೋನು ಬರಲು ಒಂಬತ್ತು ನಿಮಿಷ ಹಿಡಿಯಿತು.
ಆ ಒಂಬತ್ತು ನಿಮಿಷ ನಾನು ಏನೂ ಮಾಡಲಿಲ್ಲ.