ಇಪ್ಪತ್ತಾರು ನಂಬರು

ಇಂಚುಪಟ್ಟಿಗೆ ಸುಳ್ಳು ಬರುವುದಿಲ್ಲ.
ಕತ್ತರಿಗೂ ಬರುವುದಿಲ್ಲ.
ನನಗೆ ಬರುತ್ತದೆಂದು ನಿನ್ನೆ ರಾತ್ರಿ ಗೊತ್ತಾಯಿತು.

ಎಂಟು ವರ್ಷಕ್ಕೆ ಇಪ್ಪತ್ತಾರು ನಂಬರು.
ಕೌಲ್ ಬಜಾರಿನ ಈ ಓಣಿಯಲ್ಲಿ
ಮಿಷನ್ ತುಳಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ.
ದಿನಕ್ಕಿಷ್ಟು ಇಪ್ಪತ್ತಾರು ಹೊಲಿದು ಗಂಟು ಕಟ್ಟಿ ಕಳಿಸುತ್ತೇನೆ,
ಯಾವೂರ ಮಕ್ಕಳೋ, ತೊಟ್ಟು ಯಾವ ಗೋಡೆ ಹತ್ತುತ್ತಾರೋ.

ನಮ್ಮ ಎರ್ರಿಸ್ವಾಮಿ ನಿದ್ದೆ ಹೋದ ಮೇಲೆ ಅಳೆದೆ.
ಉದ್ದ, ಹೋದ ವರ್ಷದ್ದೇ.
ಅದರ ಹಿಂದಿನ ವರ್ಷದ್ದೂ ಹೆಚ್ಚುಕಡಿಮೆ ಅದೇ.
ಸೊಂಟ ಮಾತ್ರ ಬೆಳೆದಿದೆ, ಅದೂ ಎಡಕ್ಕೆ.
ಗುಲ್ಮ ದಪ್ಪಗಾಗಿದೆ ಎಂದಿದ್ದರು ಡಾಕ್ಟರಮ್ಮ,
ಪಕ್ಕೆಲುಬಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು,
ಬಟ್ಟೆಯ ಮೇಲೆ ನಾನು ಸುಣ್ಣದ ಬಿಲ್ಲೆಯಲ್ಲಿ ಎಳೆಯುವ ಹಾಗೆ.

ಎಡಗಡೆ ಮುಕ್ಕಾಲು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿದೆ.
ಇಂಥ ಅಚ್ಚು ಯಾವ ಸೇಟಿನ ಹತ್ತಿರವೂ ಇಲ್ಲ.
ಸೊಂಟಕ್ಕೆ ಮೆತ್ತನೆ ಇಲಾಸ್ಟಿಕ್ಕು, ಜೇಬಿಗೆ ಹಳದಿ ದಾರ.
ಸದ್ದಿಗೆ ಎದ್ದುಬಿಟ್ಟಾನೆಂದು
ಕೈಯಲ್ಲೇ ಚಕ್ರ ತಿರುಗಿಸಿದೆ, ಒಂದೊಂದೇ ಹೊಲಿಗೆ.
ಕೊನೆಗೆ ನಂಬರಿನ ಚೀಟಿ.
ಡಬ್ಬಿಯಲ್ಲಿ ಇಪ್ಪತ್ತೆರಡೂ ಇದ್ದವು, ಇಪ್ಪತ್ತಾರೂ ಇದ್ದವು.

ಬೆಳಿಗ್ಗೆ ರಕ್ತ ಹಾಕಿಸುವ ಸರದಿ.
ಹುಟ್ಟಿದ ದಿನವೆಂದು ಸರದಿ ಮುಂದೆ ಹೋಗುವುದಿಲ್ಲ.
ಪಕ್ಕದ ಮಂಚದ ಸಿರುಗುಪ್ಪದ ಹುಡುಗಿ ಇವನಿಗೆಂದು ಬಲೂನು ಊದಿದಳು,
ಅರ್ಧಕ್ಕೇ ದಮ್ಮು ಮುಗಿಯಿತು,
ಉಳಿದದ್ದನ್ನು ಅವಳ ಅಜ್ಜಿ ಊದಿದಳು.
ಮೈಯಲ್ಲಿ ಕಬ್ಬಿಣ ಮತ್ತೆ ಏರಿದೆ ಎಂದರು ಡಾಕ್ಟರಮ್ಮ.
"ಸಂಡೂರಿಂದ ಲಾರಿ ತರಸ್ರಿ, ತುಂಬಿ ಕಳಸಾಣ" ಅಂದ ಎರ್ರಿ.
ನಕ್ಕು ನರ್ಸಮ್ಮನ ಕೈ ಜಾರಿತು,
ಇನ್ನೊಂದು ಸಲ ಚುಚ್ಚಬೇಕಾಯಿತು.
ಆಗ ಅವನು ನಗಲಿಲ್ಲ.

ಸಂಜೆ ಕೇಕು. ಮಂಡಾಳು ಒಗ್ಗರಣಿ, ಮಿರ್ಚಿ.
ಬೆಲ್ಲ ಇವನಿಗಾಗದೆಂದು ಖಾಜಾಬಿ ಸಕ್ಕರೆಯ ಶ್ಯಾವಿಗೆ ತಂದಳು.
ರಕ್ತ ಹೋದ ದಿನ ಅವನ ಕೆನ್ನೆಯೇ ಬೇರೆ,
ಉಫ್ ಎಂದು ಮೋಂಬತ್ತಿ ಆರಿಸಿದ, ಎಂಟನ್ನೂ, ಒಂದೇ ಉಸಿರಿಗೆ.
ಪ್ಯಾಂಟು ತೊಡಿಸುತ್ತ ಸುಂಕಮ್ಮ ಚೀಟಿ ನೋಡಿದಳು.
ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ.
"ನೋಡ್ರೇ, ನನ ಮಗಗ ಇಪ್ಪತ್ತಾರು ಸರಿಯಾಗೈತೆ!"

ಅಲ್ಲಿದ್ದವರೆಲ್ಲ ಮಿಷನ್ ತುಳಿಯುವವರೇ.
ನೀಲಿ ಹತ್ತಿದ ಬೆರಳಿನ ಅಷ್ಟೂ ಮಂದಿಯ ಕಣ್ಣು
ಸೊಂಟದಿಂದ ಪಾದದವರೆಗೆ ಒಮ್ಮೆ ಇಳಿದು ಬಂತು.
ಯಾರೂ ಏನೂ ಅನ್ನಲಿಲ್ಲ.
ಖಾಜಾಬಿಯ ಗಂಡ, ನನಗೆ ಕತ್ತರಿ ಹಿಡಿಯಲು ಕಲಿಸಿದವನು,
ಕನ್ನಡಕ ಏರಿಸಿ, ಬಗ್ಗಿ, ಮೊಣಕಾಲ ಹತ್ತಿರ ಬಟ್ಟೆ ಎಳೆದು ನೋಡಿ ಅಂದ:
"ಬಿಗಿ ಆತಲ್ಲೋ. ಮುಂದಿನ ಸಲ ಇಪ್ಪತ್ತೆಂಟು ಹಾಕು."

ದೀಪ ಆರಿದ ಮೇಲೆ ಎರ್ರಿ ನನ್ನ ಕಿವಿಗೆ ಬಾಯಿಟ್ಟ.
"ಸಾಲಿಗೆ ಹಾಕ್ಕೊಳ್ಳೋ ಇಪ್ಪತ್ತೆರಡು ಇದರ ಮ್ಯಾಲೆ ಇಟ್ಟು ನೋಡೀನಿ.
ಎರಡೂ ಒಂದ ಉದ್ದ ಅದಾವ.
ಅಮ್ಮಗ ಹೇಳಬ್ಯಾಡ, ಪಾಪ."
ಆ ಕಡೆ ಮಲಗಿದ್ದ ಸುಂಕಮ್ಮನ ಬಳೆ
ನಿದ್ದೆಯಲ್ಲೂ ಸದ್ದು ಮಾಡುವ ಬಳೆ
ಗಟ್ಟಿಯಾಗಿ ಸುಮ್ಮನಿತ್ತು.

ಅವನಿಗೊಂದು ಹೇಳಲಿಲ್ಲ.
ಕಾಲಿನ ಮಡಿಕೆಯ ಒಳಗೆ
ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದೇನೆ.
ಕಚ್ಚಾ ಹೊಲಿಗೆ.
ಒಂದು ದಾರ ಎಳೆದರೆ ಸಾಕು.