ಎರಡು ಅಕ್ಷರ

ಶಿವಮೊಗ್ಗದ ಕೋರ್ಟಿನೆದುರು, ಜಗುಲಿಯಲ್ಲಿ ನನ್ನದು ಮೂರನೇ ಮೇಜು.
ಗೋದ್ರೇಜ್ ಮಷೀನು. ಹಾಳೆಗೆ ಎರಡು ರೂಪಾಯಿ,
ಕಾರ್ಬನ್ ಪ್ರತಿಗೆ ಎಂಟಾಣೆ.
ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದೇನೆ
ನನ್ನದೇ ಕೈಬರಹದ ಚೀಟಿ:

ಸ್ಟೇಷನರಿ. ಎ ಬಂದರೆ ಹೊರಡದೆ ನಿಂತ ಹೊಸನಗರದ ಬಸ್ಸು,
ಇ ಬಂದರೆ ಗಾಂಧಿಬಜಾರಿನ ಪೆನ್ನು, ರಬ್ಬರು.
ಪ್ರಿನ್ಸಿಪಲ್. ಒಂದು, ಕಾಲೇಜಿನ ಯಜಮಾನರು;
ಇನ್ನೊಂದು, ಅವರಲ್ಲಿ ಇದ್ದರೂ ಇರಬಹುದಾದ ತತ್ವ.
ಲೂಸ್. ಒಂದು ಓ ಇದ್ದರೆ ಕೇಸು ಸೋತಂತೆ,
ಎರಡಿದ್ದರೆ ಪ್ಯಾಂಟು ದೊಗಲೆ.
ಮೂರನೇ ಲೂಸು ನಮ್ಮದೇ, ಅದಕ್ಕೆ ಸ್ಪೆಲ್ಲಿಂಗ್ ಬೇಡ,
ಪಕ್ಕದ ಮೇಜಿನ ತಿಪ್ಪೇಶಿಯನ್ನು ನೋಡಿದರೆ ಸಾಕು.

ಇಷ್ಟೆಲ್ಲ ಇದ್ದೂ ತಪ್ಪಿದೆ.

ಭದ್ರಾವತಿಯಿಂದ ಬಂದಿದ್ದರು ಪಳನಿಯಮ್ಮ.
ಗಂಡ ಆರ್ಮುಗಂ, ಕಾಗದದ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಬಿದಿರು ಬೇಯಿಸಿದವರು.
ಪಿಂಚಣಿಗೆ ಅರ್ಜಿ. ಆಕೆ ಹೇಳಿದ್ದು ನೆಟ್ಟಗೇ ಇತ್ತು:
"ಹೋಗ್ಬಿಟ್ರು."
ನಾನು ಹೊಡೆದೆ: ಡಿಸೀಸ್ಡ್.

ಕನ್ನಡದಲ್ಲಿ ಬರೆದು ನೋಡಿ, ಎರಡಕ್ಕೂ ಒಂದೇ ಮುಖ.
ಇಂಗ್ಲಿಷಿನಲ್ಲಿ ಮಾತ್ರ
ಇ ಕೂರಬೇಕಾದಲ್ಲಿ ಐ ಕೂತು
ಸಿ ಇರಬೇಕಾದಲ್ಲಿ ಎಸ್ ಬಳುಕಿದರೆ
ಸತ್ತವನು ರೋಗಿ.

ಮೂರು ತಿಂಗಳಿಗೆ ಅರ್ಜಿ ವಾಪಸು, ಕೆಂಪು ಶಾಯಿಯ ಷರಾ:
ಕಾಯಿಲೆಯವರ ಹೆಂಡತಿಗೆ ಈ ಪಿಂಚಣಿ ಸಲ್ಲದು,
ವೈದ್ಯರ ಸರ್ಟಿಫಿಕೇಟು ಲಗತ್ತಿಸಿ.

ಬೈಗುಳಕ್ಕೆ ಕಾದು ಕೂತೆ.
ಎರಡೇ ಅಕ್ಷರ ತಾಯಿ, ಎಂದು ಕೀಲಿಗಳನ್ನು ಮುಟ್ಟಿ ತೋರಿಸಿದೆ.
ಆಕೆ ಬಗ್ಗಿ ನೋಡಿದರು
ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವವರ ಹಾಗೆ.
"ಹಂಗಾದ್ರೆ ಈ ಮೂರ್ ತಿಂಗ್ಳೂ
ಸರ್ಕಾರದ ಲೆಕ್ಕದಲ್ಲಿ ಅವ್ರಿಗೆ ಬರೀ ಹುಷಾರಿರ್ಲಿಲ್ವಾ?"
ಹೌದಮ್ಮ.
"ಯಾವ ಕಾಯ್ಲೆ ಅಂತ ಬರ್ದಿಲ್ವಲ್ಲ.
ವಾಸಿ ಆಗೋದೇ ಇತ್ತೇನೋ."

ಹೊಸ ಹಾಳೆ ಏರಿಸಿದೆ. ಡಿ. ಇ.
ಒಂದೊಂದೇ ಕೀಲಿ, ಜೂನಿಯರ್ ಪರೀಕ್ಷೆಗೆ ಕೂತ ಹುಡುಗನ ಹಾಗೆ.
ಸಿ ಬಿದ್ದ ಸದ್ದಿಗೆ ಆಕೆ ಸೆರಗು ಸರಿಮಾಡಿಕೊಂಡರು.

ದುಡ್ಡು ಬೇಡವೆಂದರೂ ಎರಡು ರೂಪಾಯಿ ಇಟ್ಟರು.
ಸರಿಯಾದದ್ದನ್ನು ಕವರಿಗೆ ಹಾಕಿದರು.
ತಪ್ಪಿದ್ದನ್ನು ಕೇಳಿ ಇಸಿದುಕೊಂಡು
ನಾಲ್ಕು ಮಡಿಕೆ ಮಾಡಿ
ರವಿಕೆಯೊಳಗೆ ಇಟ್ಟುಕೊಂಡರು.

ಚೀಟಿಗೆ ಆ ಜೋಡಿಯನ್ನೂ ಸೇರಿಸಿದ್ದೇನೆ.
ಎದುರಿಗೆ ಬಸ್ಸು, ರಬ್ಬರು
ಏನೂ ಬರೆದುಕೊಂಡಿಲ್ಲ.