ಹೇರಳೆಕಾಯಿ, ಎರಡನೇ ಸಲ

ಇಟ್ಟಿಗೆಗೂಡಿನಲ್ಲಿ ಅಲಾರಂ ಬೇಕಿಲ್ಲ.
ಮೃಗಾಲಯದ ಸಿಂಹ ಕೆಮ್ಮಿದರೆ ಐದೂವರೆ.
ಅಷ್ಟು ಹೊತ್ತಿಗೆ ನನ್ನ ಒಲೆಯ ಮೇಲೆ
ತಣ್ಣೀರಲ್ಲಿಟ್ಟ ನಾಲ್ಕು ಗಾಜಿನ ಬಾಟಲಿ
ಕುದಿಗೆ ಬಂದಿರುತ್ತವೆ,
ತಳಕ್ಕೆ ಹಾಸಿದ ಹಳೇ ಪಂಚೆಯ ತುಂಡಿನ ಮೇಲೆ
ಕಟಕಟ ಹಲ್ಲು ಕಡಿಯುತ್ತ.

ಇಪ್ಪತ್ತೆರಡು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ
ಊರ ಮಕ್ಕಳ ಪ್ರನಾಳ ತೊಳೆದವಳು ನಾನು.
ಗಾಜಿನಲ್ಲಿ ಒಂದು ಹನಿ ಉಳಿದಿದ್ದರೂ
ಬೆಳಕಿಗೆ ಹಿಡಿದು ಹೇಳಬಲ್ಲೆ.
ಮೊದಲ ಸಲ ಮಾತ್ರ
ಆ ಕಣ್ಣನ್ನು ಏಪ್ರನ್ನಿನ ಜೊತೆ
ಲ್ಯಾಬಿನ ಮೊಳೆಗೇ ನೇತುಹಾಕಿ ಬಂದಿದ್ದೆ.

ದೇವರಾಜ ಮಾರುಕಟ್ಟೆಯಲ್ಲಿ ಹೇರಳೆಕಾಯಿ ರಾಶಿ.
ಒಂದನ್ನು ಮೂಗಿಗೆ ಹಿಡಿದೆ, ಎಂಟು ಕೊಂಡೆ.
ತೊಳೆದೆ. ಒರೆಸಿದೆ ಅಂದುಕೊಂಡೆ. ಹೆಚ್ಚಿದೆ.
ಬಿ.ಪಿ. ನೆನೆದು ಉಪ್ಪಿಗೆ ಕೈ ಹಿಡಿದೆ,
ಒಳ್ಳೆಣ್ಣೆಯ ಬೆಲೆ ನೆನೆದು ಇನ್ನೂ ಹಿಡಿದೆ.
ಮೂರು ಬಾಟಲಿ ಆಯಿತು:
ಕೆಳಮನೆಯ ಜಯಶೀಲಮ್ಮನಿಗೊಂದು,
ಗೇಟು ಕಾಯುವ ರಾಚಪ್ಪನಿಗೊಂದು, ನನಗೊಂದು.
ಅವತ್ತು ಇಬ್ಬರೂ ಹೊಗಳಿದರು.
ನಾನೂ ಕೊಂಚ ಉಬ್ಬಿದೆ.

ಹದಿನೆಂಟನೇ ದಿನ ಮುಚ್ಚಳವೂ ಉಬ್ಬಿತು.
ತಿರುಗಿಸಿದರೆ ಸೋಡಾ ಅಂಗಡಿಯ ಸದ್ದು,
ಮೇಲೆ ಬೆಳ್ಳನೆ ಬೂಷ್ಟು,
ಹೊಸದಾಗಿ ಹುಟ್ಟಿದ ಇಲಿಮರಿಯ ಹಾಗೆ ಮೆತ್ತಗೆ.
ಕೆನೆ ತೆಗೆದಂತೆ ತೆಗೆದು
ಕೆಳಗಿನದನ್ನು ತಿನ್ನೋಣವೆಂದು
ಚಮಚಕ್ಕೆ ಕೈ ಹೋಗಿದ್ದು ಸುಳ್ಳಲ್ಲ.
ಅಷ್ಟರಲ್ಲಿ ಜಯಶೀಲಮ್ಮ ತನ್ನ ಬಾಟಲಿ ಹಿಡಿದು
ಮೆಟ್ಟಿಲು ಹತ್ತಿ ಬಂದರು:
‘ನಾಲಿಗೆಗೆ ಇಡಬೇಡ ಕಣೆ, ಸುರಿ.
ಎಲ್ಲ ವಿಷವೂ ನಾಲಿಗೆಗೆ ಹೇಳಿ ಬರಲ್ಲ.’

ಸುರಿದೆ. ಆಮೇಲೆ ರಾಚಪ್ಪನ ನೆನಪಾಯಿತು.

ಕೊಟ್ಟಿದ್ದನ್ನು ವಾಪಸು ಕೇಳುವುದು ಹೇಗೆ?
ನಜರ್‌ಬಾದ್ ದಾಟುವವರೆಗೆ ಒಂದು ವಾಕ್ಯ ಕಟ್ಟಿದೆ,
ಗೇಟಿನ ಹತ್ತಿರ ಅದೂ ಬಿದ್ದುಹೋಯಿತು.
‘ಅದಾ? ಮುಗ್ದೋಯ್ತಲ್ಲ ಕನಕ್ಕ,
ಮುದ್ದೆ ಜೊತೆ ನಂಚ್ಕಂಡ್ರೆ ಸುರ್ರ್ ಅನ್ನದು’
ಎಂದು ತೊಳೆದ ಬಾಟಲಿ ಕೈಗಿಟ್ಟ.
ಒಳಗೆ ಒಂದು ಹನಿ ನೀರು.

ಮೂರು ದಿನ
ಮೊದಲು ಗೇಟು ನೋಡಿ ಆಮೇಲೆ ಚಪ್ಪಲಿ ಬಿಟ್ಟೆ.
ಹೊಟ್ಟೆ ಸರಿಯಿದೆಯಾ ರಾಚಪ್ಪ?
ಕಣ್ಣಿಗೆ ಒಂದು ಎರಡಾಗಿ ಕಾಣ್ತಿದೆಯಾ?
‘ಸಂಬ್ಳ ಒಂದು ಎರಡಾಗಿ ಕಂಡ್ರೆ ಹೇಳ್ತೀನಿ’ ಅಂದ.
ನಾಲ್ಕನೇ ದಿನ ರಜೆ ಹಾಕಿದ್ದ.
ಅವತ್ತು ಎರಡು ಬ್ಯೂರೆಟ್ ಒಡೆದೆ.
ಐದನೇ ದಿನ ಬಂದ, ತಂಗಿಯ ನಿಶ್ಚಿತಾರ್ಥವಂತೆ,
ಕೈಯಲ್ಲಿ ಚಿರೋಟಿ.

ಈ ಸಲ ಕಾಯಿ ಒರೆಸಿ
ನೆರಳಲ್ಲಿ ಇಡೀ ರಾತ್ರಿ ಹರಡಿದ್ದೇನೆ.
ಕಲ್ಲುಪ್ಪು ಬಾಣಲೆಯಲ್ಲಿ ಚಟಪಟ ಅಂದು
ಸುಮ್ಮನಾಗುವವರೆಗೆ ಹುರಿದಿದ್ದೇನೆ.
ಎಷ್ಟು ಅಂದರೆ, ಜಯಶೀಲಮ್ಮ ಸಾಕು ಅಂದ ಮೇಲೆ
ಇನ್ನೂ ಅರ್ಧ ಹಿಡಿ.
ಬಾಟಲಿಗಳು ಬಿಸಿಲಲ್ಲಿ ಬೋರಲು,
ಮುಚ್ಚಳಗಳು ಅಂಗಾತ.
ಮೂಲೆ ಸವೆದ ಸ್ಟೀಲ್ ಡಬ್ಬಿಗೆ ಈ ಸಲ ಕೆಲಸವಿಲ್ಲ,
ಹುಳಿ ಅದನ್ನು ತಿನ್ನುತ್ತದೆ, ಅದು ನಮ್ಮನ್ನು.

ಖಾರ ಬೆರೆಸುವ ಮುಂಚೆ,
ಮೇಡಂ ಸಹಿ ಹಾಕಿದ ರಿಜಿಸ್ಟರಿನಿಂದ ತಂದ
ಒಂದೇ ಒಂದು ಪಟ್ಟಿ ಕಾಗದ
ಉಪ್ಪು ಬಿಟ್ಟ ರಸಕ್ಕೆ ಅದ್ದಿದೆ.
ಕೆಂಪಗಾಯಿತು.
ಬಣ್ಣದ ಪಟ್ಟಿಯ ಪಕ್ಕ ಇಟ್ಟು ನೋಡಿದೆ: ಮೂರು.
ಯಾವ ಹುಡುಗಿಯ ಪ್ರಾಕ್ಟಿಕಲ್ ಉತ್ತರಕ್ಕೂ
ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಈಗ ಒಳ್ಳೆಣ್ಣೆ ಹೋಳಿನ ಮೇಲೆ ಬೆರಳುದ್ದ ನಿಂತಿದೆ.
ಚೀಟಿಯಲ್ಲಿ ತಾರೀಖು, ಅದರ ಕೆಳಗೆ ದಪ್ಪಗೆ: ಒಣ ಚಮಚ.
ಬೆಳಿಗ್ಗೆ ಸಿಂಹ ಕೆಮ್ಮಿದ ಮೇಲೆ
ಒಂದೊಂದು ಬಾಟಲಿಗೂ ಕಿವಿ ಕೊಡುತ್ತೇನೆ.
ಇವತ್ತಿಗೆ ಇಪ್ಪತ್ತನಾಲ್ಕು ದಿನ. ಏನೂ ಇಲ್ಲ.

ನಾಲ್ಕನೆಯದನ್ನು ರಾಚಪ್ಪನಿಗೆ ಕೊಟ್ಟೆ.
ಬೆಳಕಿಗೆ ಹಿಡಿದು ಅಲ್ಲಾಡಿಸಿದ.
‘ಸುರ್ರ್ ಅನ್ನಲ್ವಾ ಈ ಸಲ?’
ಇಲ್ಲ ರಾಚಪ್ಪ.
‘ಓ’ ಅಂದ,
ಮುಖ ಸ್ವಲ್ಪ ಸಪ್ಪಗಾಯಿತು.